ಹುಲ್ಲು ಮಾರಿದರೆ ಮಣ್ಣಿಗೆ ಏನು ಉಳಿಯುತ್ತದೆ?

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಮೂರು, ಕೃಷಿ ತ್ಯಾಜ್ಯದಿಂದ ತಯಾರಾಗುವ ಇಂಧನದ ಕುರಿತು. ಮಣ್ಣು ವಿಜ್ಞಾನಿಯಾಗಿ ನನಗೆ ‘ತ್ಯಾಜ್ಯ’ ಎಂಬ ಆ ಹೆಸರೇ ಒಪ್ಪಿಗೆಯಿಲ್ಲ. ಏಕೆಂಬುದು ಮೊದಲ ಉತ್ತರದಲ್ಲಿದೆ.

ಪ್ರಶ್ನೆ: ನಮ್ಮದು ಎಂಟು ಎಕರೆ ಭತ್ತದ ಗದ್ದೆ, ಕಾಲುವೆ ನೀರಿನಲ್ಲಿ ವರ್ಷಕ್ಕೆ ಎರಡು ಬೆಳೆ. ಕಟಾವು ಯಂತ್ರ ಹೋದ ಮೇಲೆ ಉಳಿಯುವ ಹುಲ್ಲಿಗೆ ಇಷ್ಟು ವರ್ಷ ಬೆಂಕಿ ಹಚ್ಚುತ್ತಿದ್ದೆವು. ಈಗ ಇಂಧನ ಕಾರ್ಖಾನೆಗೆ ಬೇಕೆಂದು ಹುಲ್ಲನ್ನು ಒತ್ತಿ ಕಟ್ಟು ಕಟ್ಟುವ ಬೇಲರ್ ಯಂತ್ರದವರು ಕೇಳಿಕೊಂಡು ಬಂದಿದ್ದಾರೆ. ಕೊಟ್ಟರೆ ಭೂಮಿಗೆ ನಷ್ಟವೇ?
– ಸಿಂಧನೂರು ತಾಲ್ಲೂಕಿನ ರೈತರು

ಉತ್ತರ: ಬೆಂಕಿ ಹಚ್ಚುವುದನ್ನು ಇಂದೇ ನಿಲ್ಲಿಸಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಲರ್ ಯಂತ್ರ ಗದ್ದೆಗೆ ಇಳಿಯುವ ಮೊದಲು ಆ ಹುಲ್ಲಿನಲ್ಲಿ ಏನಿದೆ ಎಂದು ಲೆಕ್ಕ ಹಾಕಿಕೊಳ್ಳಿ.

ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 400 ಕಿಲೊ ಇಂಗಾಲ, 5.5 ಕಿಲೊ ಸಾರಜನಕ, 2.3 ಕಿಲೊ ರಂಜಕ, 25 ಕಿಲೊ ಪೊಟ್ಯಾಷ್ ಇರುತ್ತದೆ. ಸುಟ್ಟರೆ ಇಂಗಾಲ ಮತ್ತು ಸಾರಜನಕ ಹೆಚ್ಚುಕಡಿಮೆ ಪೂರ್ತಿ ಹೊಗೆಯಾಗಿ ಹೋಗುತ್ತವೆ. ಪೊಟ್ಯಾಷ್, ರಂಜಕಗಳ ಬಹುಪಾಲು ಮಾತ್ರ ಬೂದಿಯಾಗಿ ನಿಮ್ಮ ಗದ್ದೆಯಲ್ಲೇ ಉಳಿಯುತ್ತದೆ. ಮಾರಿದರೆ ಅದೂ ಲಾರಿ ಹತ್ತುತ್ತದೆ. ಹುಲ್ಲು ಕೊಳ್ಳಲು ಬರುವವರು ಈ ಮಾತನ್ನು ಎತ್ತುವುದಿಲ್ಲ, ಆದ್ದರಿಂದ ನೀವೇ ಎತ್ತಬೇಕು. ಎಕರೆಗೆ ಎರಡು ಟನ್ ಹುಲ್ಲು ಹೊರಗೆ ಹೋಯಿತೆಂದು ಇಟ್ಟುಕೊಳ್ಳಿ. ಅದರೊಂದಿಗೆ 50 ಕಿಲೊ ಪೊಟ್ಯಾಷ್ ಹೋಯಿತು. ಅಂಗಡಿಯಲ್ಲಿ ಸಿಗುವ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್) ಗೊಬ್ಬರದಲ್ಲಿ ಶೇ 60ರಷ್ಟು ಪೊಟ್ಯಾಷ್ ಇರುವುದರಿಂದ, ಅಷ್ಟನ್ನು ತುಂಬಿಕೊಡಲು ಒಂದೂವರೆ ಚೀಲಕ್ಕೂ ಹೆಚ್ಚು ಬೇಕು. ಹೋದ ಸಾರಜನಕಕ್ಕೆ ಅರ್ಧ ಚೀಲ ಯೂರಿಯಾ. ಹುಲ್ಲಿಗೆ ಅವರು ಹೇಳುವ ಬೆಲೆ ಈ ಖರ್ಚನ್ನು ದಾಟುವಂತಿದ್ದರೆ ಮಾತ್ರ ವ್ಯಾಪಾರ ಮುಂದುವರಿಸಿ. ಎರೆ ಭೂಮಿಯಲ್ಲಿ ಪೊಟ್ಯಾಷ್ ಸಹಜವಾಗಿಯೇ ಹೆಚ್ಚಿರುವುದರಿಂದ ಆರಂಭದ ಕೆಲವು ವರ್ಷ ಇಳುವರಿಯಲ್ಲಿ ವ್ಯತ್ಯಾಸ ಕಾಣಲಿಕ್ಕಿಲ್ಲ. ಅದನ್ನೇ ನೆಚ್ಚಿಕೊಂಡು ಕೂರಬೇಡಿ, ಮಣ್ಣು ಪರೀಕ್ಷೆ ಮಾಡಿಸುತ್ತಿರಿ.

ಇಂಗಾಲವನ್ನಂತೂ ಚೀಲದಲ್ಲಿ ಕೊಂಡು ತರಲು ಆಗುವುದಿಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು–ಜವಳು (ಉಪ್ಪು ಏರಿ, ನೀರು ನಿಂತು ಭೂಮಿ ಕೆಡುವುದು) ಎಷ್ಟು ಎಕರೆಯನ್ನು ನುಂಗಿದೆ ಎಂಬುದು ನಿಮಗೇ ಗೊತ್ತು. ಅಂಥ ಮಣ್ಣು ಹದವಾಗಿರಲು, ನೀರು ಬಸಿದುಹೋಗಲು ಸಾವಯವ ಅಂಶ ಬೇಕೇ ಬೇಕು. ಹಾಗಾಗಿ ಎರಡೂ ಬೆಳೆಯ ಹುಲ್ಲನ್ನು ಮಾರುವುದು ಬೇಡ, ಒಂದನ್ನು ಮಾರಿ.

ಯಾವುದನ್ನು? ಮುಂಗಾರು ಬೆಳೆಯದನ್ನು. ನವೆಂಬರ್–ಡಿಸೆಂಬರ್‌ನಲ್ಲಿ ಕಟಾವಾದ ಕೆಲವೇ ವಾರಗಳಲ್ಲಿ ಬೇಸಿಗೆ ಬೆಳೆಯ ನಾಟಿ ಬರುತ್ತದೆ. ಹಸಿ ಹುಲ್ಲನ್ನು ಆಗ ಕೆಸರಿಗೆ ತುಳಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೆಲ್ಲ ಎಳೆದುಕೊಳ್ಳುತ್ತವೆ, ಪೈರು ಹಳದಿಯಾಗಿ ನಿಲ್ಲುತ್ತದೆ. ನಿಂತ ನೀರಿನಡಿ ಕೊಳೆಯುವ ಹುಲ್ಲಿನಿಂದ ಮಿಥೇನ್ ಅನಿಲವೂ ಹೆಚ್ಚುತ್ತದೆ. ಏಪ್ರಿಲ್–ಮೇನಲ್ಲಿ ಕಟಾವಾಗುವ ಬೇಸಿಗೆ ಬೆಳೆಯ ಮಾತು ಬೇರೆ. ಕಾಲುವೆಗೆ ನೀರು ಬರುವುದರೊಳಗೆ ಸಾಕಷ್ಟು ಸಮಯವಿರುತ್ತದೆ. ಆ ಹುಲ್ಲನ್ನು ಕತ್ತರಿಸಿ ಹರಡಿ, ಮೊದಲ ಮಳೆಗೆ ಉಳುಮೆ ಮಾಡಿದರೆ ನಾಟಿಯ ಹೊತ್ತಿಗೆ ಬಹುಪಾಲು ಕಳಿತಿರುತ್ತದೆ. ನೀರು ನಿಲ್ಲಿಸುವ 30 ದಿನ ಮೊದಲೇ ಮಣ್ಣಿಗೆ ಸೇರಿದ ಹುಲ್ಲಿನಿಂದ ಮಿಥೇನ್ ಬಹಳ ಕಡಿಮೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಮಾರ್ಗಸೂಚಿಯೂ ಗಣಿಸುತ್ತದೆ.

ಇನ್ನೊಂದು ಮಾತು. ದನ ಕಟ್ಟಿದವರು ಮೊದಲು ಬಣವೆ ಒಟ್ಟಿಕೊಳ್ಳಿ, ಉಳಿದದ್ದು ಕಾರ್ಖಾನೆಗೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಅಂಥ ವರ್ಷ ಮತ್ತೆ ಬಂದರೆ ಮಾರಿದ ಹುಲ್ಲನ್ನು ಅದೇ ಬೆಲೆಗೆ ವಾಪಸು ಕೊಳ್ಳಲು ಯಾರಿಂದಲೂ ಆಗದು.

ಕೊಳ್ಳುವವರು ಜೈವಿಕ ಅನಿಲ ಘಟಕದವರಾದರೆ ಗೊಬ್ಬರ ವಾಪಸು ಕೇಳಿ. ಪಂಜಾಬಿನ ಸಂಗ್ರೂರ್ ಜಿಲ್ಲೆಯ ಲೆಹ್ರಾಗಾಗಾದಲ್ಲಿ 2022ರಲ್ಲಿ ಉದ್ಘಾಟನೆಯಾದ ಘಟಕ ವರ್ಷಕ್ಕೆ ಸುಮಾರು ಒಂದು ಲಕ್ಷ ಟನ್ ಹುಲ್ಲನ್ನು ಬಳಸುವ ಸಾಮರ್ಥ್ಯದ್ದು. ಇಂಥ ಘಟಕಗಳಲ್ಲಿ ಅನಿಲ ತೆಗೆದ ಮೇಲೆ ಪೊಟ್ಯಾಷ್, ರಂಜಕ, ಸಾರಜನಕ ಬಗ್ಗಡದಲ್ಲೇ ಉಳಿಯುತ್ತವೆ. ಟನ್ ಹುಲ್ಲಿಗೆ ಇಷ್ಟು ಗೊಬ್ಬರ ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಒಬ್ಬರೇ ಕೇಳಿದರೆ ಕೊಡಲಿಕ್ಕಿಲ್ಲ. ರೈತ ಉತ್ಪಾದಕ ಸಂಸ್ಥೆಯ ಮೂಲಕ ಹತ್ತಾರು ಜನ ಕೂಡಿ ಕೇಳಿ.

ಪ್ರಶ್ನೆ: ನನ್ನ ಕಾರಿಗೆ ಹಾಕಿಸುವ ಇ20 (ಶೇ 20ರಷ್ಟು ಎಥೆನಾಲ್ ಬೆರೆತ) ಪೆಟ್ರೋಲಿನಲ್ಲಿ ಇರುವುದು ಹುಲ್ಲಿನ ಎಥೆನಾಲೇ? ಅದು ನಿಜಕ್ಕೂ ಪರಿಸರಕ್ಕೆ ಒಳ್ಳೆಯದೇ?
– ಬೆಂಗಳೂರಿನ ಓದುಗರು

ಉತ್ತರ: ಸದ್ಯಕ್ಕೆ ಅಲ್ಲ. ಪೆಟ್ರೋಲಿಗೆ ಬೆರೆಯುವ ಎಥೆನಾಲ್‌ನ ಬಹುಪಾಲು ಕಬ್ಬು, ಮೆಕ್ಕೆಜೋಳ ಮತ್ತು ಅಕ್ಕಿಯಿಂದ ಬರುತ್ತಿದೆ. ಹುಲ್ಲಿನಿಂದ ತಯಾರಿಸುವ ಘಟಕಗಳು ಬೆರಳೆಣಿಕೆಯಷ್ಟು. ಇಂಡಿಯನ್ ಆಯಿಲ್ ಕಂಪನಿಯ ಪಾಣಿಪತ್ ಘಟಕ 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ನಮ್ಮ ಹರಿಹರದಲ್ಲಿ ಮಂಗಳೂರಿನ ತೈಲ ಸಂಸ್ಕರಣಾ ಕಂಪನಿ ಎಂಆರ್‌ಪಿಎಲ್ ಇಂಥದೊಂದು ಘಟಕಕ್ಕೆ ಯೋಜನೆ ರೂಪಿಸಿತ್ತು.

ಪಾಣಿಪತ್ ಘಟಕದ ಗುರಿ ವರ್ಷಕ್ಕೆ ಎರಡು ಲಕ್ಷ ಟನ್ ಹುಲ್ಲಿನಿಂದ ಮೂರು ಕೋಟಿ ಲೀಟರ್ ಎಥೆನಾಲ್. ಅಂದರೆ ಟನ್ನಿಗೆ 150 ಲೀಟರ್. ಹುಲ್ಲಿನಲ್ಲಿರುವ ಶಾಖಶಕ್ತಿಯ ಕಾಲು ಭಾಗಕ್ಕಿಂತ ಕಡಿಮೆಯಷ್ಟೇ ಇಂಧನವಾಗಿ ಹೊರಬರುತ್ತದೆ. ನಾರಿನೊಳಗಿನ ಸಕ್ಕರೆಯನ್ನು ಬಿಡಿಸಲು ಆಮ್ಲ, ಹಬೆ, ಕಿಣ್ವ ಎಲ್ಲವೂ ಬೇಕು. ಆ ಸಕ್ಕರೆ ಹುದುಗೆದ್ದು ಎಥೆನಾಲ್ ಆದ ಮೇಲೆ ಬಟ್ಟಿ ಇಳಿಸಲು ಮತ್ತೆ ಶಾಖ ಬೇಕು. ಆ ಶಾಖ, ಸಕ್ಕರೆ ತೆಗೆದ ಮೇಲೆ ಉಳಿಯುವ ಲಿಗ್ನಿನ್ (ಹುಲ್ಲನ್ನು ಗಟ್ಟಿಯಾಗಿಸುವ ಅಂಶ) ಅನ್ನು ಬಾಯ್ಲರಿನಲ್ಲಿ ಉರಿಸಿ ಬಂದರೆ ಒಳ್ಳೆಯದು. ಕಲ್ಲಿದ್ದಲಿನಿಂದ ಬಂದರೆ ಲಾಭದ ದೊಡ್ಡ ಪಾಲು ಅಲ್ಲೇ ಕರಗುತ್ತದೆ. ಹುಲ್ಲಿಗೆ ತೂಕಕ್ಕಿಂತ ಗಾತ್ರವೇ ಹೆಚ್ಚಾದ್ದರಿಂದ ದೂರದಿಂದ ಹೊತ್ತು ತಂದಷ್ಟೂ ಡೀಸೆಲ್ ಖರ್ಚು.

ಹೀಗಿದ್ದರೂ ನಾನು ಹುಲ್ಲಿನ ಪರ. ಕಬ್ಬಿನಂತೆ ಇದಕ್ಕೆಂದು ಬೇರೆ ನೀರು ಬೇಡ, ಮೆಕ್ಕೆಜೋಳದಂತೆ ಕೋಳಿ ಸಾಕಣೆಯವರ ದಾಸ್ತಾನಿಗೆ ಕೈ ಹಾಕಬೇಕಿಲ್ಲ, ಹೆಚ್ಚುವರಿ ಭೂಮಿಯೂ ಬೇಡ. ಸುಡುತ್ತಿದ್ದ ಹುಲ್ಲನ್ನೇ, ಮಣ್ಣಿನ ಪಾಲು ಬಿಟ್ಟು ತಂದದ್ದಾದರೆ ನಿಮ್ಮ ಟ್ಯಾಂಕಿಗೆ ಬರಬಹುದಾದ ಎಥೆನಾಲ್‌ಗಳಲ್ಲಿ ಅದೇ ಮೇಲು.

ಪ್ರಶ್ನೆ: ಹತ್ತಿ ಕಟ್ಟಿಗೆಯನ್ನು ಬ್ರಿಕೆಟ್ (ಪುಡಿ ಮಾಡಿ ಒತ್ತಿದ ಉರುವಲು ಇಟ್ಟಿಗೆ) ಮಾಡುವವರಿಗೆ ಕೊಡಬಹುದೇ? ಇದರಲ್ಲೂ ಅರ್ಧ ಉಳಿಸಿಕೊಳ್ಳಬೇಕೇ?
– ಹಾವೇರಿ ಜಿಲ್ಲೆಯ ರೈತರು

ಉತ್ತರ: ಅಗತ್ಯವಿಲ್ಲ, ಪೂರ್ತಿ ಕೊಡಿ. ಎಲೆಗಳು ಉದುರಿ ಹೊಲ ಸೇರಿರುತ್ತವೆ. ಉಳಿದ ಕಟ್ಟಿಗೆ ಬೇಗ ಕೊಳೆಯುವುದಿಲ್ಲ, ದನ ತಿನ್ನುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಗಿಡದಲ್ಲಿ ಉಳಿದ ಅರೆಬಿರಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಹುಳು ಅಡಗಿದ್ದು ಮುಂದಿನ ಬೆಳೆಗೆ ದಾಟುತ್ತದೆ. ಕೊನೆಯ ಬಿಡಿಸುವಿಕೆ ಮುಗಿದ ಕೂಡಲೇ ಗಿಡ ಕಿತ್ತು ಸಾಗಿಸಿ. ಬ್ರಿಕೆಟ್‌ನವರು ತಡವಾಗಿ ಬರುತ್ತೇವೆಂದರೆ ಕಟ್ಟಿಗೆಯನ್ನು ಬದುವಿನ ಮೇಲೆ ಒಟ್ಟಿ ಕಾಯಬೇಡಿ. ಯಂತ್ರ ತರಿಸಿ ಹೊಲದಲ್ಲೇ ಪುಡಿ ಮಾಡಿಸಿ ಕೊಡಿ. ಬೇಸಿಗೆಯಿಡೀ ಬಿದ್ದಿರುವ ಕಟ್ಟಿಗೆ ರಾಶಿಯೇ ಆ ಹುಳುವಿಗೆ ಬಿಡಾರ.