ಗುದ್ದಿದವನದು ತಪ್ಪು, ದುಡ್ಡು ಯಾರದು?

ಪ್ರಶ್ನೆ: ನೆಲಮಂಗಲದ ಬಳಿ ಟೋಲ್ ಸರತಿಯಲ್ಲಿ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಗೂಡ್ಸ್ ವಾಹನವೊಂದು ಗುದ್ದಿತು. ಯಾರಿಗೂ ಗಾಯವಾಗಲಿಲ್ಲ. ಬಂಪರ್ ಒಡೆದು, ಡಿಕ್ಕಿಯ ಬಾಗಿಲು ಒಳಕ್ಕೆ ಹೋಗಿದೆ. ಗ್ಯಾರೇಜಿನ ಎಸ್ಟಿಮೇಟ್ 46,000 ರೂಪಾಯಿ. ಚಾಲಕ ತಪ್ಪೊಪ್ಪಿಕೊಂಡು, ಪಾಲಿಸಿಯ ಫೋಟೊ ಕಳಿಸಿ, ‘ನಮ್ಮ ಇನ್ಶೂರೆನ್ಸ್‌ನವರೇ ಕೊಡುತ್ತಾರೆ ಸರ್’ ಎಂದ. ಆ ಕಂಪನಿಯವರು ‘ಕೋರ್ಟಿಗೆ ಹೋಗಿ’ ಎನ್ನುತ್ತಾರೆ; ಗ್ಯಾರೇಜಿನವರು ‘ನಿಮ್ಮ ಪಾಲಿಸಿಯಲ್ಲೇ ಕ್ಲೇಮ್ ಮಾಡಿ’ ಎನ್ನುತ್ತಾರೆ. ಕಾರಿಗೆ ನಾಲ್ಕೂವರೆ ವರ್ಷ, ಶೇ 45ರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಇದೆ. ಯಾರದೋ ತಪ್ಪಿಗೆ ನಾನೇಕೆ ಅದನ್ನು ಕಳೆದುಕೊಳ್ಳಲಿ?
– ಓದುಗರು, ಹಾಸನ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಕಂಪನಿಯವರು ಹೇಳಿದ್ದರಲ್ಲೂ ಸುಳ್ಳಿಲ್ಲ. ಅವರು ಹಣ ಕೊಡಬೇಕಾದರೆ ತಪ್ಪು ತಮ್ಮ ಗ್ರಾಹಕನದು ಎಂದು ಯಾರಾದರೂ ತೀರ್ಮಾನಿಸಬೇಕು. ಚಾಲಕ ರಸ್ತೆಬದಿಯಲ್ಲಿ ಕೈಮುಗಿದದ್ದು ಅದಕ್ಕೆ ಸಾಲದು. 1988ರ ಮೋಟಾರು ವಾಹನ ಕಾಯ್ದೆ ಆ ತೀರ್ಮಾನವನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಬಿಟ್ಟಿದೆ. ಸಾವು–ಗಾಯದ ಪ್ರಕರಣಗಳಷ್ಟೇ ಅಲ್ಲಿಗೆ ಹೋಗುತ್ತವೆ ಎಂದು ಹಲವರು ತಿಳಿದಿದ್ದಾರೆ. ಕಾರು ಜಖಂಗೊಂಡದ್ದಕ್ಕೂ ಅಲ್ಲಿ ಅರ್ಜಿ ಹಾಕಬಹುದು. ನೀವು ಹಾಸನದಲ್ಲೇ ಹಾಕಬಹುದು, ಅಪಘಾತವಾದ ಊರಿಗೇ ಹೋಗಬೇಕೆಂದಿಲ್ಲ. ಆರು ತಿಂಗಳೊಳಗೆ ಹಾಕಿ. ಎಫ್‌ಐಆರ್, ಸ್ಥಳ ಮಹಜರು, ವಾಹನ ತಪಾಸಣಾ ವರದಿ ಇಲ್ಲದೆ ವಕೀಲರು ಫೈಲು ಮುಟ್ಟುವುದಿಲ್ಲ.

ಇನ್ನೊಂದು ಸಂಗತಿ: ಸರಕು ವಾಹನದ ಪಾಲಿಸಿಯಲ್ಲಿ ಮೂರನೆಯವರ, ಅಂದರೆ ನಿಮ್ಮಂಥ ಹೊರಗಿನವರ, ಆಸ್ತಿ ನಷ್ಟಕ್ಕೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ಹೊಣೆ ಇರುತ್ತದೆ. ಆದರೆ ಪ್ರೀಮಿಯಂನಲ್ಲಿ ಒಂದಿಷ್ಟು ಉಳಿಸಲು ಮಾಲೀಕ ಅದನ್ನು 6,000ಕ್ಕೆ ಇಳಿಸಿಕೊಂಡಿರಲೂಬಹುದು. ಚಾಲಕ ಕಳಿಸಿದ ಫೋಟೊ ದೊಡ್ಡದು ಮಾಡಿ ಆ ಸಾಲನ್ನು ಹುಡುಕಿ. 6,000 ಎಂದಿದ್ದರೆ ಮಿಕ್ಕದ್ದು ಮಾಲೀಕನ ಜೇಬಿನಿಂದಲೇ ಬರಬೇಕು. ಅದನ್ನು ವಸೂಲು ಮಾಡುವುದು ಬೇರೆಯೇ ಕಥೆ.

ಹಾಗಾಗಿ ನಾನು ಗ್ಯಾರೇಜಿನವರ ಪಕ್ಷ. ಲೆಕ್ಕ ಹಾಕಿಯೇ ನೋಡೋಣ. ನಿಮ್ಮ 46,000ವನ್ನು ಹೀಗೆ ಒಡೆಯುತ್ತೇನೆ: ಬಂಪರ್ 12,000, ಹಿಂದಿನ ದೀಪ 8,000, ಡಿಕ್ಕಿಯ ಬಾಗಿಲು 14,000, ಪೇಂಟಿಂಗ್ 8,000, ಕೂಲಿ 4,000. ಝೀರೋ ಡೆಪ್ (ಭಾಗಗಳು ಹಳತಾದದ್ದಕ್ಕೆ, ಅಂದರೆ ಸವಕಳಿಗೆ, ಹಣ ಕಡಿತ ಮಾಡದ ಸೌಲಭ್ಯ) ಇಲ್ಲದ ಪಾಲಿಸಿಯಾದರೆ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಸವಕಳಿ, ಅಂದರೆ 10,000 ಹೋಯಿತು. ನಾಲ್ಕು ದಾಟಿ ಐದು ತುಂಬದ ಕಾರಿನ ಲೋಹದ ಭಾಗಕ್ಕೆ ಶೇ 35. ಬಾಗಿಲಿನಲ್ಲಿ 4,900 ಖೋತಾ. ಪೇಂಟಿಂಗ್ ಬಿಲ್ಲಿನ ಕಾಲುಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ, 1,000. ಕೂಲಿಗೆ ಸವಕಳಿ ಇಲ್ಲ. 1500 ಸಿಸಿ ಒಳಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಕಡ್ಡಾಯ ಕಡಿತ ಇನ್ನೊಂದು 1,000. ನಿಮ್ಮ ಕೈಯಿಂದ 16,900, ಕಂಪನಿಯಿಂದ 29,100.

ಇನ್ನು ಬೋನಸ್. ಕ್ಲೇಮ್ ಮಾಡದಿದ್ದರೆ ಮುಂದಿನ ನವೀಕರಣಕ್ಕೆ ಅದು ಶೇ 50 ಆಗುತ್ತಿತ್ತು. ಮಾಡಿದರೆ ಸೊನ್ನೆಯಿಂದ ಶುರು: 0, 20, 25, 35, 45. ಐದು ವರ್ಷದ ಕೊರತೆ ಕೂಡಿದರೆ 50, 30, 25, 15, 5, ಒಟ್ಟು ಶೇ 125. ರಿಯಾಯಿತಿಗೆ ಮುಂಚಿನ ಸ್ವಂತ ಹಾನಿ ಪ್ರೀಮಿಯಂ ವರ್ಷಕ್ಕೆ 9,000 ಎಂದು ಹಿಡಿದರೂ ನಷ್ಟ 11,250. ಕಾರು ಹಳೆಯದಾದಂತೆ ಈ ಪ್ರೀಮಿಯಂ ಇಳಿಯುವುದರಿಂದ ವಾಸ್ತವದಲ್ಲಿ ಇನ್ನೂ ಕಡಿಮೆ. 11,250 ಬಿಟ್ಟು 29,100 ಪಡೆಯುವುದು ದಡ್ಡತನವಲ್ಲ. ಇದೇ ಎಸ್ಟಿಮೇಟ್ 15,000 ಇದ್ದಿದ್ದರೆ ಕ್ಲೇಮ್ ಬೇಡ ಎನ್ನುತ್ತಿದ್ದೆ.

ಕ್ಲೇಮ್ ಮಾಡುವುದಾದರೆ ಇಂದೇ ತಿಳಿಸಿ. ಕಂಪನಿಯವರು ನೋಡುವ ಮೊದಲು ಬಂಪರ್ ಬಿಚ್ಚಿಸಬೇಡಿ. ಚಾಲಕನಿಂದ ಹಣ ಪಡೆದು ಏನನ್ನೂ ಬರೆದುಕೊಡಬೇಡಿ. ನಾನು ವಿಮಾ ಕ್ಲೇಮುಗಳ ನಷ್ಟ ಅಳೆಯುವ ಸರ್ವೇಯರ್ ಆಗಿದ್ದಾಗ ಒಬ್ಬರು ಟೋಲ್ ರಸೀದಿಯ ಬೆನ್ನಿಗೆ ‘5,000 ಮುಟ್ಟಿದೆ, ಮುಂದೆ ಯಾವ ತಕರಾರೂ ಇಲ್ಲ’ ಎಂದು ಬರೆದು ಸಹಿ ಹಾಕಿದ್ದರು. ನಿಮಗೆ ಹಣ ಕೊಟ್ಟ ಮೇಲೆ ಅದನ್ನು ಎದುರು ಪಕ್ಷದಿಂದ ವಸೂಲು ಮಾಡುವ ಹಕ್ಕು ನಿಮ್ಮ ಕಂಪನಿಗೆ ಬರುತ್ತದೆ. ಆ ಒಂದು ಸಾಲು ಅದಕ್ಕೇ ಕತ್ತರಿ ಹಾಕಿತ್ತು, ಅವರ ಕ್ಲೇಮ್ ತಿಂಗಳುಗಟ್ಟಲೆ ನಿಂತಿತು. ಒಂದೇ ನಷ್ಟಕ್ಕೆ ಎರಡು ಕಡೆ ಹಣ ಪಡೆಯುವಂತಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: ಎರಡು ವರ್ಷದ ಹಿಂದೆ ದಲ್ಲಾಳಿ ಮೂಲಕ ಕಾರು ಮಾರಿದೆ. ಆರ್‌ಸಿ ಇನ್ನೂ ನನ್ನ ಹೆಸರಿನಲ್ಲೇ ಇದೆಯಂತೆ. ಕೊಂಡವರು ಯಾರಿಗೋ ಗುದ್ದಿ, ಈಗ ನ್ಯಾಯಮಂಡಳಿಯಿಂದ ನನಗೆ ನೋಟಿಸ್ ಬಂದಿದೆ.
– ಓದುಗರು, ದಾವಣಗೆರೆ

ಉತ್ತರ: ನೋಟಿಸ್ ಮಡಚಿಡಬೇಡಿ, ನೀವು ಹಾಜರಾಗದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪಾಗುತ್ತದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅಪಘಾತದ ದಿನ ವಿಮೆ ಜಾರಿಯಲ್ಲಿತ್ತೇ ಎಂಬುದನ್ನು ಮೊದಲು ನೋಡಿ. ಇದ್ದರೆ ಮೂರನೆಯವರ ಪರಿಹಾರದ ಭಾರ ಮೊದಲಿಗೆ ವಿಮಾ ಕಂಪನಿಯ ಮೇಲೆ ಬೀಳುತ್ತದೆ; ಇಲ್ಲದಿದ್ದರೆ ನಿಮ್ಮ ಮೇಲೆ. ಮಾರಾಟದ ದಿನ ಬರೆಸಿಕೊಂಡ ಡೆಲಿವರಿ ನೋಟ್, ಹಣ ಬಂದ ಬ್ಯಾಂಕ್ ದಾಖಲೆ ಹಿಡಿದು ವಕೀಲರನ್ನು ಕಾಣಿ. ಕೊಂಡವರನ್ನೂ ಪ್ರತಿವಾದಿಯಾಗಿ ಸೇರಿಸಲು ಅರ್ಜಿ ಹಾಕಿಸಿ. ನಿಮ್ಮ ಕೈಯಿಂದ ಹಣ ಹೋದರೆ ಅವರಿಂದ ಕೇಳಲು ಅದೇ ದಾರಿ. ದಲ್ಲಾಳಿಯ ಫೋನ್ ಸ್ವಿಚ್ ಆಫ್ ಆಗಿರುವುದು ನನಗೂ ಗೊತ್ತು.