ಬೀಗ ಹಾಕಿದ ಮನೆಯಲ್ಲಿ 19 ಯೂನಿಟ್

ಓದುಗರ ಪ್ರಶ್ನೆಗೆ ತಜ್ಞರ ಉತ್ತರ
(ಉತ್ತರಿಸುವವರು: ತುಮಕೂರಿನ ಹಿರಿಯ ವಿದ್ಯುತ್ ಗುತ್ತಿಗೆದಾರರು)

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು: ಮೀಟರ್ ಜಾಸ್ತಿ ಓಡ್ತಿದೆ. ಹೋದ ಬೇಸಿಗೆಯಲ್ಲೂ ಇದೇ ರಾಗ. ಎಲ್‌ಇಡಿ ಬಲ್ಬ್ ಹಾಕಿ, ಐದು ಸ್ಟಾರಿನ ಫ್ರಿಜ್ ತನ್ನಿ ಅನ್ನುವ ಪಾಠ ನನ್ನಿಂದಾಗದು, ಅದು ನಿಮಗೇ ಬಾಯಿಪಾಠ ಆಗಿದೆ. ಬಂದ ಪ್ರಶ್ನೆಗಳಲ್ಲಿ ಒಂದು ಮಾತ್ರ ನಿಜಕ್ಕೂ ತಲೆ ಕೆಡಿಸಿಕೊಳ್ಳುವಂಥದ್ದು. ಅದನ್ನೇ ಮೊದಲು ನೋಡೋಣ.

ಪ್ರಶ್ನೆ: ನಮ್ಮದು ಬಟವಾಡಿಯಲ್ಲಿ ಎರಡು ಅಂತಸ್ತಿನ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು, ಮೀಟರ್ ಬೇರೆ ಬೇರೆ. ಗೃಹಜ್ಯೋತಿ ಬಂದಾಗಿನಿಂದ ಬಿಲ್ ಸೊನ್ನೆ ಇತ್ತು. ಈಗ 212 ಯೂನಿಟ್ ಬಂದು ಪೂರ್ತಿ ದುಡ್ಡು ಕಟ್ಟಿದೆವು. ಹಬ್ಬಕ್ಕೆ ಊರಿಗೆ ಹೋಗುವಾಗ ಫ್ರಿಜ್ ಖಾಲಿ ಮಾಡಿ ಆರಿಸಿ, ಎಲ್ಲ ಸ್ವಿಚ್ಚೂ ನೋಡಿ, ಮೀಟರಿನ ಫೋಟೊ ತೆಗೆದು ಬೀಗ ಹಾಕಿದೆವು. 9 ದಿನ ಬಿಟ್ಟು ಬಂದರೆ 19 ಯೂನಿಟ್ ಓಡಿದೆ. ಮೀಟರ್ ಬದಲಾಯಿಸಲು ಅರ್ಜಿ ಕೊಡಬೇಕೆ?

ಉತ್ತರ: ಕೊಡಬೇಡಿ. ಫೋಟೊ ತೆಗೆದು ಹೋದಿರಲ್ಲ, ಆ ಬುದ್ಧಿಗೆ ಶಭಾಷ್. ಅರ್ಧ ಕೆಲಸ ಅಲ್ಲೇ ಮುಗಿದಿದೆ. ಇಷ್ಟು ದಿನ ಸೊನ್ನೆ ಬಿಲ್ ಬರುತ್ತಿತ್ತು ಅಂತ ಚೀಟಿಯಲ್ಲಿದ್ದ ಯೂನಿಟ್ ಯಾರೂ ಓದಿಲ್ಲ, ಅದೇ ನಿಮ್ಮ ತಪ್ಪು. 200 ದಾಟಿದರೆ ರಿಯಾಯಿತಿ ಪೂರ್ತಿ ಹೋಗುತ್ತದೆ, ಆಗ ಎಚ್ಚರವಾಗುತ್ತದೆ. ನಿಮ್ಮ ಮನೆಯ ಕಾಯಿಲೆ ಹೋದ ತಿಂಗಳಿನದ್ದಲ್ಲ, ಹಳೇದು.

ಸಂಜೆ ಮೀಟರ್ ಮುಂದೆ ನಿಲ್ಲಿ. ಕೆಂಪು ದೀಪವೊಂದು ಮಿಣುಕುತ್ತಿರುತ್ತದೆ. ಮೀಟರಿನ ಮುಖದ ಮೇಲೆ 3200 ಇಂಪ್ ಅಥವಾ 1600 ಇಂಪ್ ಎಂದು ಬರೆದಿರುತ್ತಾರೆ, ಅಂದರೆ ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. 3200ರ ಮೀಟರಿನಲ್ಲಿ 9 ಸೆಕೆಂಡಿಗೊಮ್ಮೆ ಮಿಣುಕಿದರೆ 125 ವ್ಯಾಟ್ ಹರಿಯುತ್ತಿದೆ ಎಂದು ಲೆಕ್ಕ. ದಿನಕ್ಕೆ 3 ಯೂನಿಟ್, ತಿಂಗಳಿಗೆ 90. ಇದಕ್ಕೆ ಯಾವ ಉಪಕರಣವೂ ಬೇಡ, ಕೈಗಡಿಯಾರ ಸಾಕು.

ಈಗ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ. ಮೇನ್ ಸ್ವಿಚ್ ಹಾಗೇ ಇರಲಿ, ಒಳಗಿನ ಎಂಸಿಬಿಗಳನ್ನೆಲ್ಲ (ಒಂದೊಂದು ಲೈನಿಗೂ ಇರುವ ಟ್ರಿಪ್ ಸ್ವಿಚ್) ಕೆಳಗೆ ಮಾಡಿ. ಮಿಣುಕು ನಿಂತರೆ ಮನೆಯೊಳಗೆ ಎಲ್ಲೋ ಸೋರುತ್ತಿದೆ. ಒಂದೊಂದೇ ಎಂಸಿಬಿ ಮೇಲೆತ್ತಿ ನೋಡಿ, ಯಾವುದು ಎತ್ತಿದಾಗ ಶುರುವಾಯಿತೋ ಕಳ್ಳ ಆ ಲೈನಿನಲ್ಲಿದ್ದಾನೆ. ಎಲ್ಲವೂ ಕೆಳಗಿದ್ದೂ ಮಿಣುಕುತ್ತಿದ್ದರೆ ಮೇಲಿನವರನ್ನು ಕೂಗಿ, ಅವರ ಮೇನ್ ಎರಡು ನಿಮಿಷ ಆರಿಸಲು ಹೇಳಿ. ಅವರದು ಆರಿದೊಡನೆ ನಿಮ್ಮ ಮೀಟರ್ ನಿಂತಿತೋ, ಎರಡು ಮನೆಯ ನ್ಯೂಟ್ರಲ್ (ಕರೆಂಟ್ ವಾಪಸಾಗುವ ವೈರ್) ಕೂಡಿಕೊಂಡಿದೆ. ನಿಮ್ಮದು ಇದೇ ಎಂದು ನನ್ನ ಅಂದಾಜು.

ಸಪ್ತಗಿರಿ ಬಡಾವಣೆಯ ಒಂದು ಮನೆಯಲ್ಲಿ ಇದನ್ನೇ ಕಣ್ಣಾರೆ ಕಂಡೆ. ಮೆಟ್ಟಿಲ ಕೆಳಗಿನ ಬೋರ್ಡಿನ ಮುಂದೆ ಟಾರ್ಚ್ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದೆ. ಮಾಲೀಕರ ಎಂಸಿಬಿಗಳೆಲ್ಲ ಕೆಳಗಿವೆ, ಅವರ ಮೀಟರ್ ಮಾತ್ರ 12 ಸೆಕೆಂಡಿಗೊಮ್ಮೆ ಕಣ್ಣು ಹೊಡೆಯುತ್ತಿದೆ. ಮೇಲಿದ್ದ ಬಾಡಿಗೆಯಾಕೆಗೆ 'ಅಮ್ಮಾ, ಗೀಸರ್ ಹಾಕಿ' ಎಂದು ಕೂಗಿದೆ. ಹಾಕಿದ್ದೇ ತಡ, ಕೆಳಗಿನ ಮೀಟರ್ ಸೆಕೆಂಡಿಗೊಂದರಂತೆ ಪಟಪಟ ಶುರುವಾಯಿತು. ಆರಿಸಿ ಅಂದೆ, ಮತ್ತೆ 12 ಸೆಕೆಂಡಿಗೆ ಬಂತು. ಮಾಲೀಕರ ಮುಖ ಕೆಂಪಾಗಿ, 'ನಮ್ ಕರೆಂಟ್ ಕದೀತಾವ್ರೆ' ಎಂದು ಮೆಟ್ಟಿಲು ಹತ್ತಲು ಹೊರಟರು. ರಟ್ಟೆ ಹಿಡಿದು ಕೂರಿಸಬೇಕಾಯಿತು.

ಯಾರೂ ಕದ್ದಿರಲಿಲ್ಲ. ಮೀಟರಿನೊಳಗೆ ಫೇಸ್‌ನಲ್ಲಿ ಹೋಗುವ ಕರೆಂಟನ್ನೂ ನ್ಯೂಟ್ರಲ್‌ನಲ್ಲಿ ವಾಪಸಾಗುವ ಕರೆಂಟನ್ನೂ ಬೇರೆ ಬೇರೆ ಅಳೆದು, ಯಾವುದು ಹೆಚ್ಚೋ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನ್ಯೂಟ್ರಲ್ ಬದಲು ಅರ್ತ್ ಕೊಟ್ಟು ಮೀಟರಿಗೆ ಮೋಸ ಮಾಡುತ್ತಿದ್ದವರಿಗಾಗಿ ತಂದ ಏರ್ಪಾಡು ಇದು. ನ್ಯೂಟ್ರಲ್ ಕೂಡಿಕೊಂಡಿದ್ದರೆ ಮೇಲಿನ ಮನೆಯ ಕರೆಂಟ್ ವಾಪಸಾಗುವಾಗ ಹೆಚ್ಚುಕಡಿಮೆ ಅರ್ಧ ಅವರ ಮೀಟರಿನಲ್ಲಿ, ಅರ್ಧ ನಿಮ್ಮದರಲ್ಲಿ ಹೋಗುತ್ತದೆ. ಅವರ ಮೀಟರ್ ಫೇಸ್ ನೋಡಿ ಪೂರ್ತಿ ಬರೆಯಿತು. ನಿಮ್ಮದು ನ್ಯೂಟ್ರಲ್ ನೋಡಿ ಅರ್ಧ ಬರೆಯಿತು. ನಿಮಗೆ ನಷ್ಟ, ಅವರಿಗೆ ಕಾಸಿನ ಲಾಭವಿಲ್ಲ. ಆ 9 ದಿನದಲ್ಲಿ ಮೇಲಿನ ಮೀಟರ್ 36ರಿಂದ 40 ಯೂನಿಟ್ ಓಡಿದ್ದರೆ ನಿಮ್ಮ 19ಕ್ಕೆ ಲೆಕ್ಕ ಸರಿಹೋಯಿತು. ಕೇಳಿ ನೋಡಿ.

ಆ ಮನೆಯಲ್ಲಿ ಇದು ಶುರುವಾದದ್ದು ಯುಪಿಎಸ್‌ನಿಂದ. ಮಗ ಮೇಲೆ ಇದ್ದಾಗ ಅವನ ರೂಮಿಗೆ ಕೆಳಗಿನ ಬ್ಯಾಟರಿಯಿಂದ ಒಂದು ಲೈನ್ ಎಳೆಸಿದ್ದರು. ಎಳೆದವನು ಸಜ್ಜದ ಹಿಂದಿನ ಜಂಕ್ಷನ್ ಬಾಕ್ಸಿನಲ್ಲಿ ನಾಲ್ಕು ಕಪ್ಪು ವೈರುಗಳನ್ನು, ಅಂದರೆ ನ್ಯೂಟ್ರಲ್‌ಗಳನ್ನು, ಒಟ್ಟಿಗೆ ತಿರುಚಿ ಟೇಪ್ ಸುತ್ತಿದ್ದ. ಟೇಪ್ ಬೆಂದು ಹಪ್ಪಳವಾಗಿತ್ತು. ಮಗ ಬೆಂಗಳೂರಿಗೆ ಹೋದ, ಗಂಟು ಉಳಿಯಿತು.

ಇನ್ನೂ ಸಿಟ್ಟು ಬಂದದ್ದು ಮುಂದಿನದಕ್ಕೆ. ಅಲ್ಲಿದ್ದ ಆರ್‌ಸಿಸಿಬಿ ಈ ಗಂಟನ್ನು ಮೊದಲ ದಿನವೇ ಹಿಡಿದಿತ್ತು. ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ ಅದು; ಹೋಗುವ ಕರೆಂಟಿಗೂ ವಾಪಸಾಗುವ ಕರೆಂಟಿಗೂ 30 ಮಿಲಿ ಆಂಪ್ ವ್ಯತ್ಯಾಸ ಕಂಡರೆ ಬೀಳಬೇಕಾದ್ದೇ ಅದರ ಕೆಲಸ, ಬೀಳುತ್ತಿತ್ತು. 'ಸುಮ್ಮಸುಮ್ಮನೆ ಟ್ರಿಪ್ ಆಗ್ತದೆ ಸಾರ್' ಎಂದು ಅದೇ ಪುಣ್ಯಾತ್ಮ ಎರಡು ತುಂಡು ವೈರ್ ಹಾಕಿ ಬೈಪಾಸ್ ಮಾಡಿ 500 ರೂಪಾಯಿ ಎಣಿಸಿಕೊಂಡು ಹೋಗಿದ್ದ. ಮನೆಯಲ್ಲಿ ಮೊಮ್ಮಕ್ಕಳಿದ್ದರು. ಹೆಚ್ಚಿಗೆ ಬಂದ ಬಿಲ್ಲಿಗೆ ಬೈದ ಯಜಮಾನರು ಇದಕ್ಕೆ ಬೈಯಲಿಲ್ಲ.

ಇಷ್ಟು ಓದಿ ನೀವೇ ಸ್ಕ್ರೂಡ್ರೈವರ್ ಹಿಡಿದು ಸಜ್ಜ ಹತ್ತಬೇಡಿ. ನ್ಯೂಟ್ರಲ್ ಶಾಕ್ ಹೊಡೆಯಲ್ಲ ಅನ್ನುವ ಮಾತನ್ನು ನಂಬಿ, ಕೆಲಸ ಕಲಿಯುವ ಕಾಲದಲ್ಲಿ ಇಂಥದ್ದೇ ಗಂಟು ಬಿಚ್ಚಿದ್ದೆ. ಕೆಳಗಿನ ಮೇನ್ ಆರಿಸಿದ್ದೆ, ಮೇಲಿನ ಮನೆಯ ನೆನಪೇ ಇರಲಿಲ್ಲ. ಬಿಚ್ಚಿದ ತುದಿಗೆ ಅವರ ಫ್ಯಾನು ದೀಪದ ಮೂಲಕ 230 ವೋಲ್ಟ್ ಬಂದು ನಿಂತಿತ್ತು. ಹೆಬ್ಬೆರಳಿನ ಗುರುತು ಇವತ್ತಿಗೂ ಹೋಗಿಲ್ಲ. ಲೈಸೆನ್ಸ್ ಇರುವವರನ್ನು ಕರೆಸಿ, ಎರಡೂ ಮೇನ್ ಆರಿಸಿ, ನ್ಯೂಟ್ರಲ್ ಬೇರೆ ಮಾಡಿಸಿ, ಆರ್‌ಸಿಸಿಬಿ ಹಾಕಿಸಿ. ಹೋಗುವ ಮುಂಚೆ ಫೇಸ್ ನ್ಯೂಟ್ರಲ್ ಎರಡನ್ನೂ ಕ್ಲ್ಯಾಂಪ್ ಮೀಟರಿನ (ವೈರಿಗೆ ಕಚ್ಚಿಸಿ ಕರೆಂಟ್ ಅಳೆಯುವ ಉಪಕರಣ) ಬಾಯಿಗೆ ಒಟ್ಟಿಗೆ ಹಾಕಿ ತೋರಿಸಲು ಹೇಳಿ; ಸೊನ್ನೆ ತೋರಿಸಬೇಕು. ಕ್ಲ್ಯಾಂಪ್ ಮೀಟರ್ ಇಲ್ಲ ಅಂದವನಿಗೆ ಕಾಫಿ ಕೊಟ್ಟು ಕಳಿಸಿ.

ಮೇಲೆ ಮನೆ ಇಲ್ಲದವರೂ ಈ ಪರೀಕ್ಷೆ ಮಾಡಬಹುದು. ನಮ್ಮ ಊರಲ್ಲಿ ನೀರು ಬಿಡುವ ದಿನ ಕಾದು ಸಂಪು ತುಂಬಿಸುತ್ತೇವೆ, ಹಾಗಾಗಿ ಸಂಪಿನ ಮೋಟಾರಿನ ಕೇಬಲ್ ಸದಾ ಒದ್ದೆಯಲ್ಲೇ ಇರುತ್ತದೆ. ಸಿಪ್ಪೆ ಸುಲಿದರೆ ಕರೆಂಟ್ ನೆಲಕ್ಕೆ. ಇನ್ನೊಂದು ಕಾರಣ, ಗೀಸರಿನ ಬಿರುಕು ಬಿಟ್ಟ ಕಾಯಿಲ್. ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ವೈರಿಗೆ ಕೊಟ್ಟಿದ್ದರೆ ಸ್ವಿಚ್ ಆರಿಸಿದ ಮೇಲೂ ಕಾಯಿಲ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ, ಸೋರುತ್ತಲೇ ಇರುತ್ತದೆ. ಅಲ್ಲಿ ಬಿಲ್ಲಿನ ಚಿಂತೆ ಆಮೇಲೆ, ಮೊದಲು ಆ ಬಚ್ಚಲಿಗೆ ಯಾರೂ ಹೋಗಬೇಡಿ.

ಪ್ರಶ್ನೆ: ಪ್ಲಗ್ಗಿಗೆ ಹಾಕುವ ಪವರ್ ಸೇವರ್ ಡಬ್ಬಿ 30% ಉಳಿಸುತ್ತದಂತೆ, ನಿಜವೆ? (ಐದು ಜನ ಕೇಳಿದ್ದಾರೆ)

ಉತ್ತರ: ಸುಳ್ಳು. ನಾನು ಒಡೆದು ನೋಡಿದ್ದರಲ್ಲಿ ಇದ್ದದ್ದು ಒಂದು ಕೆಪಾಸಿಟರ್, ಎರಡು ಹಸಿರು ದೀಪ. ಕೆಪಾಸಿಟರ್ ಪವರ್ ಫ್ಯಾಕ್ಟರ್ ಸರಿಮಾಡಬಹುದು, ಆದರೆ ಮನೆ ಮೀಟರ್ ಅದಕ್ಕೆ ದುಡ್ಡು ಕೇಳುವುದೇ ಇಲ್ಲ. ಹಸಿರು ದೀಪ ಉರಿಯುವುದೂ ನಿಮ್ಮ ಕರೆಂಟಿನಲ್ಲೇ.

ಪ್ರಶ್ನೆ: ಮೀಟರಿಗೆ ಅಯಸ್ಕಾಂತ ಇಟ್ಟರೆ?

ಉತ್ತರ: ಮೀಟರ್ ಅದನ್ನು ದಾಖಲಿಸಿಕೊಳ್ಳುತ್ತದೆ. ಆಮೇಲೆ 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್, ಅಂದರೆ ಕರೆಂಟ್ ಕಳ್ಳತನದ ಕೇಸು. ಕೇಳಿದವರ ಹೆಸರು ಹರಿದು ಹಾಕಿದ್ದೇನೆ.

ಪ್ರಶ್ನೆ: ಮೊಬೈಲ್ ಚಾರ್ಜರ್ ಪ್ಲಗ್ಗಿನಲ್ಲೇ ಬಿಟ್ಟರೆ ಬಿಲ್ ಏರುತ್ತದೆಯೆ?

ಉತ್ತರ: ಇಲ್ಲ. ರಾತ್ರಿಯೆಲ್ಲ ಉರಿಯುವ ಸೆಟ್‌ಟಾಪ್ ಬಾಕ್ಸ್ ಆರಿಸಿ, ತಿಂಗಳಿಗೆ ನಾಲ್ಕಾರು ಯೂನಿಟ್ ಉಳಿದೀತು.

ಪ್ರಶ್ನೆ: ಕೋಲಾರದ ಹತ್ತಿರ ನಮ್ಮ ಮನೆ. ಒಂದೂವರೆ ಎಚ್‌ಪಿ ಬೋರ್ ಮೋಟಾರ್ ಮುಕ್ಕಾಲು ಗಂಟೆಯಲ್ಲಿ ಟ್ಯಾಂಕ್ ತುಂಬುತ್ತಿತ್ತು, ಈಗ ಎರಡು ಗಂಟೆ ಬೇಕು. ಬಿಲ್ಲೂ ಏರಿದೆ.

ಉತ್ತರ: ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆಯಲ್ಲ! ಗಂಟೆಗೆ ಸುಮಾರು ಒಂದೂವರೆ ಯೂನಿಟ್ ಹಿಡಿಯಿರಿ, ದಿನಕ್ಕೊಮ್ಮೆ ಹಾಕಿದರೂ ತಿಂಗಳಿಗೆ 55ರ ಮೇಲೆ ಹೆಚ್ಚಾಯಿತು. ನೀರು ಇಳಿದಿದೆ, ಇಲ್ಲವೇ ಬೋರಿನೊಳಗೆ ಪೈಪ್ ತೂತಾಗಿದೆ. ಮೋಟಾರ್ ನಿಲ್ಲಿಸಿ ಹತ್ತು ನಿಮಿಷಕ್ಕೆ ಮತ್ತೆ ಹಾಕಿ. ನೀರು ಮೇಲೆ ಬರಲು ತುಂಬ ಹೊತ್ತಾದರೆ ಪೈಪನ್ನೋ ವಾಲ್ವನ್ನೋ ಅನುಮಾನಿಸಿ.

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿ ಸೋಲಾರ್ ವಾಟರ್ ಹೀಟರ್ ಇದೆ, ಗೀಸರೇ ಇಲ್ಲ. ಆದರೂ ಮಳೆಗಾಲ ಕಳೆದ ಮೇಲೆ ಬಿಲ್ ಇಳಿದೇ ಇಲ್ಲ.

ಉತ್ತರ: ಸೋಲಾರ್ ಟ್ಯಾಂಕಿನೊಳಗೆ ಬ್ಯಾಕಪ್ ಕಾಯಿಲ್ ಇದೆಯೇ ನೋಡಿ, ಬಹುತೇಕ ಇರುತ್ತದೆ. ಆಷಾಢದ ಮೋಡದಲ್ಲಿ ಯಾರೋ ಸ್ವಿಚ್ ಹಾಕಿದ್ದಾರೆ, ಆರಿಸಿಲ್ಲ. ರಾತ್ರಿಯಿಡೀ ಆ ಕಾಯಿಲ್ ನೀರು ಕಾಯಿಸುತ್ತದೆ, ಬೆಳಗ್ಗೆ ಸೂರ್ಯ ಬಂದಾಗ ಅವನಿಗೆ ಕೆಲಸವೇ ಇರುವುದಿಲ್ಲ. ಸ್ವಿಚ್ ಸಾಮಾನ್ಯವಾಗಿ ಬಚ್ಚಲ ಬಾಗಿಲ ಹಿಂದೆ, ಟವೆಲ್ ನೇತುಹಾಕುವ ಜಾಗದ ಕೆಳಗೆ ಇರುತ್ತದೆ. ಟವೆಲ್ ಎತ್ತಿ ನೋಡಿ.