ಬೇಲಿ ಜಗಳದ ಕೇಸ್ ಫಾರ್ಮ್‌ನಲ್ಲಿ ಬರೆಯಲಿಲ್ಲ ಅಂತ ಕೆಲಸದಿಂದ ತೆಗೆದಿದ್ದಾರೆ. ಈಗ ರಾಜಿಯಾದರೆ ಕೆಲಸ ವಾಪಸ್ ಸಿಗುತ್ತಾ?

ರಾಜಿ ಮಾಡಿಕೊಳ್ಳಿ, ಒಳ್ಳೆಯದೇ. ಆದರೆ ಬರೀ ಅದರಿಂದ ಕೆಲಸ ವಾಪಸ್ ಬರುವುದಿಲ್ಲ.

ನೀವು ಬರೆದಿದ್ದರಲ್ಲಿ ನನಗೆ ಅರ್ಥವಾಗಿದ್ದು ಇಷ್ಟು. ಮನೆ ಪೊನ್ನಂಪೇಟೆ ಕಡೆ. 2022ರಲ್ಲಿ ತೋಟದ ಬೇಲಿ ವಿಷಯಕ್ಕೆ ಚಿಕ್ಕಪ್ಪನ ಮನೆಯವರ ಜೊತೆ ಜಗಳ ಆಯಿತು. ಅವರು ಕೊಟ್ಟ ದೂರಿನಲ್ಲಿ ನಿಮ್ಮ ಹೆಸರೂ ಇದೆ, ಐಪಿಸಿ 323, 504, 506, ಅಂದರೆ ಹೊಡೆದದ್ದು, ಅವಮಾನ ಮಾಡಿ ಕೆಣಕಿದ್ದು, ಬೆದರಿಸಿದ್ದು. ಆಮೇಲೆ ರಾಜ್ಯ ಸರ್ಕಾರದ ಇಲಾಖೆಯಲ್ಲಿ ಎಸ್‌ಡಿಎ, ಅಂದರೆ ದ್ವಿತೀಯ ದರ್ಜೆ ಸಹಾಯಕರ ಕೆಲಸ ಸಿಕ್ಕಿತು. 2024ರಲ್ಲಿ ತುಂಬಿಸಿದ ಫಾರ್ಮ್‌ನಲ್ಲಿ 'ಕ್ರಿಮಿನಲ್ ಕೇಸ್ ಬಾಕಿ ಇದೆಯೇ' ಅನ್ನುವ ಕಾಲಂಗೆ 'ಇಲ್ಲ' ಅಂತ ಬರೆದಿರಿ. ಪ್ರೊಬೇಷನ್ ಮುಗಿಯುವ ಮೊದಲೇ ಮನೆಗೆ ಕಳಿಸಿದ್ದಾರೆ. ಈಗ ಚಿಕ್ಕಪ್ಪ ರಾಜಿಗೆ ಒಪ್ಪಿದ್ದಾರೆ.

ನಾನು ವಕೀಲ ಅಲ್ಲ. ಮಡಿಕೇರಿಯ ಒಂದು ಸರ್ಕಾರಿ ಕಚೇರಿಯ ಸಿಬ್ಬಂದಿ ಶಾಖೆಯಲ್ಲಿ ಇದ್ದು ನಿವೃತ್ತನಾದವನು. ಇಂಥ ಫೈಲುಗಳನ್ನು ಕಂಡಿದ್ದೇನೆ. ಪೊಲೀಸ್ ವರದಿ ಬಂದಾಗ ಮೇಲಿನವರು ಮೊದಲು ನೋಡುವುದು ಜಗಳದಲ್ಲಿ ಯಾರದು ತಪ್ಪು ಅಂತ ಅಲ್ಲ. ಹುಡುಗ ಫಾರ್ಮ್‌ನಲ್ಲಿ ಏನು ಬರೆದಿದ್ದಾನೆ ಅಂತ. ಹಾಗಾಗಿ 'ಕೇಸೇ ಸುಳ್ಳು' ಅಂತ ಎಷ್ಟು ಪುಟ ಬರೆದು ಕೊಟ್ಟರೂ ಅದು ನಿಮ್ಮ ಆದೇಶಕ್ಕೆ ಉತ್ತರ ಆಗುವುದಿಲ್ಲ.

ನಮ್ಮ ಕಡೆ ಬಾಣೆ (ಗದ್ದೆಗೆ ಸೇರಿದ ಮೇಲಿನ ಜಾಗ), ಬೇಲಿ, ದಾರಿ ಅಂತ ಜಗಳ ಶುರುವಾದರೆ ದೂರಿನಲ್ಲಿ ಮನೆಯವರೆಲ್ಲರ ಹೆಸರೂ ಬರುತ್ತದೆ. ಮೈಸೂರಿನಲ್ಲಿ ಓದುತ್ತಿದ್ದ ಹುಡುಗನ ಹೆಸರೂ ಸೇರುತ್ತದೆ. ಸರ್ಕಾರಿ ಕೆಲಸಕ್ಕೆ ಪ್ರಯತ್ನ ಮಾಡುತ್ತಿರುವವನ ಹೆಸರನ್ನು ಬೇಕಂತಲೇ ಸೇರಿಸುವವರೂ ಇದ್ದಾರೆ, ಅದೇನೂ ಗುಟ್ಟಲ್ಲ. ಇದರಿಂದಲೇ ನಿಮ್ಮ ವಿಷಯದಲ್ಲಿ ಒಂದು ಪ್ರಶ್ನೆ ಮುಖ್ಯವಾಗುತ್ತದೆ: ಫಾರ್ಮ್‌ಗೆ ಸಹಿ ಹಾಕಿದ ದಿನ ನಿಮಗೆ ಕೇಸ್ ಇರುವುದು ಗೊತ್ತಿತ್ತಾ?

2016ರಲ್ಲಿ ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ ಅವತಾರ್ ಸಿಂಗ್ ಪ್ರಕರಣದಲ್ಲಿ ಇದನ್ನೆಲ್ಲ ವಿವರವಾಗಿ ಹೇಳಿದೆ. ಮಾಹಿತಿ ಮುಚ್ಚಿಟ್ಟ ಅಂತ ಹೇಳಬೇಕಾದರೆ ಅದು ಅವನಿಗೆ ಗೊತ್ತಿರಬೇಕು. ಫಾರ್ಮ್‌ನ ಪ್ರಶ್ನೆ ಸ್ಪಷ್ಟವಾಗಿರಬೇಕು, ಕೇಳದೇ ಇದ್ದದ್ದನ್ನು ಹೇಳಲಿಲ್ಲ ಅಂತ ತಪ್ಪು ಹೊರಿಸುವ ಹಾಗಿಲ್ಲ. ಕೇಸ್ ಸಣ್ಣದಾಗಿದ್ದರೆ ಮೇಲಧಿಕಾರಿ ಮನ್ನಿಸಬಹುದು. ಮನ್ನಿಸಲೇಬೇಕು ಅಂತ ಇಲ್ಲ, ಅದು ಅವರ ವಿವೇಚನೆ. ಕೆಲಸ ಖಾಯಂ ಆದವರನ್ನು ತೆಗೆಯಲು ಇಲಾಖಾ ವಿಚಾರಣೆ ಆಗಲೇಬೇಕು. ನೀವು ಪ್ರೊಬೇಷನ್‌ನಲ್ಲಿ ಇದ್ದಿರಿ, ಅಷ್ಟು ರಕ್ಷಣೆ ನಿಮಗಿಲ್ಲ. ಆದರೂ ನೋಟಿಸ್ ಕೊಟ್ಟು ವಿವರಣೆ ಕೇಳಿದ್ದರಾ ನೋಡಿ. ಏನೂ ಕೇಳದೆ, ಆದೇಶದಲ್ಲಿ ಮಾತ್ರ 'ಮಾಹಿತಿ ಮರೆಮಾಚಿದ್ದಾರೆ' ಅಂತ ಕಳಂಕ ಹಚ್ಚಿದ್ದರೆ ಅದು ನಿಮ್ಮ ಪರವಾದ ದೊಡ್ಡ ಅಂಶ.

ರಾಜಿ ವಿಷಯಕ್ಕೆ ಬರೋಣ. ನೀವು ಹೇಳಿದ ಕಲಂಗಳು ರಾಜಿಯಾಗುವಂಥವೇ. ರಾಜಿಯಾದರೆ ಕಾನೂನಿನ ಪ್ರಕಾರ ಖುಲಾಸೆಯಾದಂತೆಯೇ ಲೆಕ್ಕ. ಆದರೆ ಫಾರ್ಮ್ ತುಂಬಿಸಿದ ದಿನ ಕೇಸ್ ಇತ್ತು ಅನ್ನುವುದು ಅದರಿಂದ ಬದಲಾಗುವುದಿಲ್ಲ. 2003ರ ರಾಮ್ ರತನ್ ಯಾದವ್ ಪ್ರಕರಣದಲ್ಲಿ ಸರ್ಕಾರವೇ ಕೇಸ್ ವಾಪಸ್ ಪಡೆದಿತ್ತು. ಆದರೂ ಕೇಂದ್ರೀಯ ವಿದ್ಯಾಲಯದ ಆ ದೈಹಿಕ ಶಿಕ್ಷಕನನ್ನು ತೆಗೆದದ್ದು ಸರಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಇಂಗ್ಲಿಷ್ ಫಾರ್ಮ್ ಅರ್ಥವಾಗಲಿಲ್ಲ ಅನ್ನುವ ಅವನ ವಾದವನ್ನೂ ಒಪ್ಪಲಿಲ್ಲ. ಡಿಗ್ರಿ ಮಾಡಿದವರು ಆ ಮಾತು ಹೇಳದಿರುವುದೇ ವಾಸಿ.

ಹಾಗಂತ ಕೈಚೆಲ್ಲಬೇಡಿ. ಇಂಥದೇ ವಿಷಯದಲ್ಲಿ 2022ರ ಮೇ ತಿಂಗಳಲ್ಲಿ ಪವನ್ ಕುಮಾರ್ ಅನ್ನುವ ರೈಲ್ವೆ ರಕ್ಷಣಾ ಪಡೆಯ ಯುವಕನ ಪರ ಸುಪ್ರೀಂ ಕೋರ್ಟ್ ತೀರ್ಪು ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಿಆರ್‌ಪಿಎಫ್‌ನ ಸತೀಶ್ ಚಂದ್ರ ಯಾದವ್ ಸೋತರು. 2024ರಲ್ಲಿ ಉತ್ತರ ಪ್ರದೇಶದ ಕಾನ್‌ಸ್ಟೇಬಲ್ ರವೀಂದ್ರ ಕುಮಾರ್‌ಗೆ ಕೆಲಸ ವಾಪಸ್ ಸಿಕ್ಕಿತು. ಅವರು ಅರ್ಜಿ ಹಾಕಿದಾಗ ಕೇಸ್ ಇರಲಿಲ್ಲ, ಆಮೇಲೆ ಬಂದ ಸಣ್ಣ ಕೇಸ್‌ನಲ್ಲಿ ಖುಲಾಸೆಯೂ ಆಗಿತ್ತು. ಒಬ್ಬೊಬ್ಬರದು ಒಂದೊಂದು ಥರ. ಸಮವಸ್ತ್ರದ ಕೆಲಸಗಳಲ್ಲಿ ಬಿಗಿ ಜಾಸ್ತಿ, ನಿಮ್ಮದು ಗುಮಾಸ್ತರ ಕೆಲಸ, ಅದನ್ನು ನಿಮ್ಮ ವಕೀಲರು ಹೇಳಿಕೊಳ್ಳಬಹುದು.

ಈ ವಾರವೇ ಮಾಡಬೇಕಾದ ಕೆಲಸ ಕಾಗದಪತ್ರ ಕೂಡಿಸುವುದು. ನೀವು ತುಂಬಿಸಿದ ಫಾರ್ಮ್‌ನ ಪ್ರತಿ ಮತ್ತು ಪೊಲೀಸ್ ವರದಿಯ ಪ್ರತಿಯನ್ನು ಇಲಾಖೆಯಲ್ಲಿ ಕೇಳಿ. ಕೊಡದಿದ್ದರೆ ಆರ್‌ಟಿಐ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಕೇಸ್ ನಡೆಯುತ್ತಿರುವ ಕೋರ್ಟ್‌ನಿಂದ ಆರ್ಡರ್ ಶೀಟ್‌ನ ದೃಢೀಕೃತ ನಕಲು ತೆಗೆಸಿ. ಸಮನ್ಸ್ ನಿಮ್ಮ ಕೈಗೆ ಬಂದದ್ದು ಯಾವಾಗ, ಜಾಮೀನು ತೆಗೆದುಕೊಂಡದ್ದು ಯಾವಾಗ, ಎಲ್ಲ ಅದರಲ್ಲಿ ಇರುತ್ತದೆ. ಸಮನ್ಸ್ ಬಂದದ್ದು ಫಾರ್ಮ್ ಆದ ಮೇಲೆ ಅಂತಾದರೆ ನಿಮ್ಮ ವಾದ ಗಟ್ಟಿ. ಫಾರ್ಮ್‌ಗೆ ಮೊದಲೇ ಜಾಮೀನು ಪಡೆದಿದ್ದರೆ ಮಾತ್ರ 'ಗೊತ್ತಿರಲಿಲ್ಲ' ಅಂತ ದಯವಿಟ್ಟು ಹೇಳಬೇಡಿ. ಎರಡನೇ ಸುಳ್ಳು ಮೊದಲನೆಯದನ್ನು ಉದ್ದೇಶಪೂರ್ವಕ ಅಂತ ಸಾಬೀತು ಮಾಡುತ್ತದೆ. ಆಗ ವಯಸ್ಸು, ಜಗಳದ ಸ್ವರೂಪ, ನಿಮ್ಮ ಮೇಲೆ ಬೇರೆ ಕೇಸ್ ಇಲ್ಲದಿರುವುದು, ಇವನ್ನು ಮುಂದಿಟ್ಟು ಮನ್ನಿಸಿ ಅಂತ ಕೇಳುವುದೊಂದೇ ದಾರಿ. ರಾಜಿಯ ಆದೇಶ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಮೊದಲು ಇಲಾಖೆಯ ಮೇಲಿನ ಪ್ರಾಧಿಕಾರಕ್ಕೆ ಮೇಲ್ಮನವಿ ಹಾಕಿ. ಅಲ್ಲಿ ಆಗದಿದ್ದರೆ ಬೆಂಗಳೂರಿನ ಕೆಎಟಿ, ಅಂದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಹೋಗಬೇಕು. ಕಾಫಿ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಅಂತ ಕೂರಬೇಡಿ. ವಿರಾಜಪೇಟೆಯಲ್ಲಿ ನಿಮ್ಮ ಕ್ರಿಮಿನಲ್ ಕೇಸ್ ನಡೆಸುವ ವಕೀಲರು ಒಳ್ಳೆಯವರೇ ಇರಬಹುದು, ಇದಕ್ಕೆ ಮಾತ್ರ ಸರ್ವಿಸ್ ವಿಷಯ ನೋಡುವವರೇ ಬೇಕು.

ಅಷ್ಟರಲ್ಲಿ ಬೇರೆ ಕಡೆ ಅರ್ಜಿ ಹಾಕುತ್ತೀರಿ, ಹಾಕಲೇಬೇಕು. ಕೇಸ್ ಬಗ್ಗೆ ಕೇಳಿದರೆ ನಂಬರ್ ಸಮೇತ ಬರೆಯಿರಿ. ಹಿಂದೆ ಕೆಲಸದಿಂದ ತೆಗೆದಿದ್ದಾರಾ ಅನ್ನುವ ಕಾಲಂ ಇದ್ದರೆ ಈ ಆದೇಶವನ್ನೂ ಬರೆದು ಪ್ರತಿ ಲಗತ್ತಿಸಿ.